ಓವರ್‌ಲೋಡ್ ಬೈಪಾಸ್ ಮಾಡಿಸಬೇಡಿ, ಮೋಟರ್ ಸುಡುತ್ತೆ

2 ಎಚ್‌ಪಿ ಸಿಂಗಲ್ ಫೇಸ್ ಮೋಟರಿನ ಟೇಬಲ್ ಸಾ, ಅಂದರೆ ಮರ ಕೊಯ್ಯುವ ಮೆಷೀನು. ಒಮ್ಮೊಮ್ಮೆ ಗಂಟೆಗಟ್ಟಲೆ ಸರಿಯಾಗಿ ಓಡೋದು, ಒಮ್ಮೊಮ್ಮೆ ಸ್ಟಾರ್ಟ್ ಆದ ಅರ್ಧ ನಿಮಿಷಕ್ಕೇ ಬಿಸಿಯಾಗಿ ನಿಲ್ಲೋದು. ಕರೆಂಟ್ ಮಿತಿ ಮೀರಿದರೆ ಮೋಟರನ್ನು ನಿಲ್ಲಿಸೋ ರಕ್ಷಣಾ ಸ್ವಿಚ್ಚೇ ಓವರ್‌ಲೋಡ್. ರಿಪೇರಿಗೆ ಬಂದವರು "ಓವರ್‌ಲೋಡೇ ವೀಕು" ಅಂತ ಅದರ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಹೋದರು. ಅದೇ ದಿನ ವಾರ್ನಿಷ್ ಸುಟ್ಟ ವಾಸನೆ, ಆಮೇಲೆ ಹೊಗೆ. ಬಿಚ್ಚಿದರೆ ಸ್ಟಾರ್ಟಿಂಗ್ ವೈಂಡಿಂಗ್ (ಮೋಟರನ್ನು ಶುರುಮಾಡೋ ತಂತಿ ಸುರುಳಿ) ಪೂರ್ತಿ ಕರ‍್ರಗೆ, ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಸಂದಿಯಲ್ಲಿ ಹೆಪ್ಪುಗಟ್ಟಿದ ಮರದ ಪುಡಿ.

ಸ್ಟಾರ್ಟಿಂಗ್ ವೈಂಡಿಂಗ್ ಇರೋದೇ ಒಂದೆರಡು ಸೆಕೆಂಡಿನ ಕೆಲಸಕ್ಕೆ. ಮೋಟರ್ ಸುಮಾರು ಮುಕ್ಕಾಲು ವೇಗ ಮುಟ್ಟಿದಾಗ ಈ ಸೆಂಟ್ರಿಫ್ಯೂಗಲ್ ಸ್ವಿಚ್ ಅದನ್ನು ಕರೆಂಟಿನಿಂದ ಬಿಡಿಸಬೇಕು. ಪುಡಿ ಸಿಕ್ಕಿ ಸ್ವಿಚ್ ಬಿಡದಿದ್ದರೆ ಕರೆಂಟ್ ಏರುತ್ತೆ, ಓವರ್‌ಲೋಡ್ ಟ್ರಿಪ್ ಆಗಿ ಮೋಟರ್ ನಿಲ್ಲುತ್ತೆ. ಪಾಪ, ಅದು ತನ್ನ ಕೆಲಸ ಮಾಡುತ್ತಿತ್ತು! ಹೆಚ್ಚು ಆಂಪಿಯರಿನ ಓವರ್‌ಲೋಡ್ ಹಾಕಿದರೂ ಇದೇ ಗತಿ.

ಬಿಚ್ಚುವ ಮೊದಲೇ ಇದನ್ನು ಕಿವಿಯಿಂದ ಹಿಡಿಯಬಹುದು. ಬೆಲ್ಟ್ ತೆಗೆದು ಮೋಟರ್ ಓಡಿಸಿ, ಆಫ್ ಮಾಡಿ. ವೇಗ ಇಳಿಯುತ್ತಾ ಒಂದು ಹಂತದಲ್ಲಿ 'ಟಕ್' ಅನ್ನಬೇಕು, ಸ್ವಿಚ್ ಮತ್ತೆ ಕೂತ ಸದ್ದು ಅದು. ಸದ್ದೇ ಬರದಿದ್ದರೆ ಸ್ವಿಚ್ ಬಿಟ್ಟಿರಲೇ ಇಲ್ಲ ಅಂತ ಅನುಮಾನಿಸಿ.

ಮುಚ್ಚಳ ತೆಗೆಯೋಕೆ ಮುಂಚೆ ಪ್ಲಗ್ ಕೀಳಿ. ಮೋಟರ್ ನಿಂತಿದೆ ಅಂತ ನಂಬಬೇಡಿ: ಆಟೋ ರೀಸೆಟ್ ಓವರ್‌ಲೋಡ್ ಇದ್ದು ಆನ್‌ನಲ್ಲೇ ಬಿಟ್ಟಿದ್ದರೆ, ತಣ್ಣಗಾದ ಕೂಡಲೇ ಬ್ಲೇಡ್ ತಾನಾಗೇ ತಿರುಗುತ್ತೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟಿರುತ್ತೆ. 20 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ನಲ್ಲಿ ಅದರ ಎರಡು ಟರ್ಮಿನಲ್ಲಿಗೆ ಅರ್ಧ ನಿಮಿಷ ಹಿಡಿದು, ವೋಲ್ಟೇಜ್ ಇಳಿದಿದೆಯಾ ಅಂತ ಮೀಟರಿನಲ್ಲಿ ನೋಡಿ. ಪುಡಿಯನ್ನು ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಮುಚ್ಚಳದ ತೂತಿನಿಂದ ಗಾಳಿ ಊದಿದರೆ ಪುಡಿ ಇನ್ನೂ ಒಳಗೆ ಕೂರುತ್ತೆ. ಸ್ವಿಚ್ಚಿನ ಕಾಂಟ್ಯಾಕ್ಟ್ ಪಾಯಿಂಟಿಗೆ ಎಣ್ಣೆ ಬೇಡವೇ ಬೇಡ, ಪುಡಿ ಅಂಟಿಕೊಳ್ಳೋಕೆ ಅದೇ ಸಾಕು.

'ಟಕ್' ಸರಿಯಾಗಿ ಬರುತ್ತಿದ್ದರೆ ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಹಾಕಿ. ಬೆಲ್ಟ್ ಇಲ್ಲದೆಯೂ ಮೋಟರ್ ಬಿಸಿಯಾಗುತ್ತಿದ್ದರೆ ಫ್ಯಾನ್, ಬೇರಿಂಗ್, ರನ್ ಕೆಪಾಸಿಟರ್ ನೋಡಿ. ಬೆಲ್ಟ್ ಹಾಕಿದಾಗ ಮಾತ್ರ ನೇಮ್ ಪ್ಲೇಟಿನ ಆಂಪಿಯರ್ ಮೀರಿದರೆ ಮೊಂಡು ಬ್ಲೇಡ್, ಅತಿ ಬಿಗಿ ಬೆಲ್ಟ್ ಇದೆಯಾ ನೋಡಿ.

ಎಕ್ಸ್‌ಟೆನ್ಷನ್ ವೈರನ್ನೂ ಮರೆಯಬೇಡಿ. 1.5 ಚದರ ಮಿ.ಮೀ. ತಾಮ್ರದ ವೈರ್ 30 ಮೀಟರ್ ಇದ್ದರೆ 10 ಆಂಪಿಯರಿಗೆ ಸುಮಾರು 7 ವೋಲ್ಟ್ ಬೀಳುತ್ತೆ. ಸ್ಟಾರ್ಟ್ ಆಗುವಾಗ ಕರೆಂಟ್ ಐದು ಪಟ್ಟಾದರೆ 36 ವೋಲ್ಟ್. ಅಷ್ಟು ವೋಲ್ಟ್ ಕಡಿಮೆಯಾದರೆ ಮೋಟರ್ ಬೇಗ ವೇಗಕ್ಕೆ ಬರಲ್ಲ, ಸ್ವಿಚ್ ಚೊಕ್ಕವಾಗಿದ್ದರೂ ತಡವಾಗಿ ಬಿಡುತ್ತೆ.