ಕೆನ್ನೆಗೆ ಕೂರುವ ಸೀಸದ ಕನ್ನಡಕ

ನಾನು ಕುಂಬಳೆಯವಳು. 11 ವರ್ಷದಿಂದ ಕ್ಯಾಥ್ ಲ್ಯಾಬ್ (ಎಕ್ಸ್‌ರೇ ನೋಡುತ್ತಾ ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಮಾಡುವ ಕೋಣೆ) ಟೆಕ್ನೀಷಿಯನ್. ಎಂಟು ತಿಂಗಳ ಹಿಂದೆ, ಎಕ್ಸ್‌ರೇ ತಡೆಯುವುದರಲ್ಲಿ 0.75 ಮಿ.ಮೀ. ಸೀಸಕ್ಕೆ ಸಮನಾದ, ಪಕ್ಕಕ್ಕೂ ಮರೆ ಇರುವ ಕನ್ನಡಕ ತರಿಸಿದೆ. ಪವರ್ ಸೇರಿ 14,000 ರೂಪಾಯಿ ಆಯಿತು. ದುಬಾರಿ ಹೌದು. ಆದರೂ ತಗೊಂಡದ್ದು ಒಳ್ಳೆಯದೇ ಆಯಿತು.

ಮೊದಲು ಇನ್ನೊಂದು ಇತ್ತು. ಸೀಸ ಅದರಲ್ಲೂ ಅಷ್ಟೇ. ಆದರೆ ಫ್ರೇಮ್ ಚಪ್ಪಟೆ, ಕೆನ್ನೆಯ ಹತ್ತಿರ ಬೆರಳು ತೂರುವಷ್ಟು ಸಂದು. ಒಂದು ದಿನ ಕೇಸ್ ಮುಗಿದ ಮೇಲೆ ಜೊತೆಗಿರುವ ಹುಡುಗಿ "ಚೇಚೀ, ಒಂದು ಪರೀಕ್ಷೆ ಮಾಡುವ" ಅಂದಳು. ಲೈಟ್ ಆರಿಸಿ, ಟೇಬಲ್ ಮೇಲೆ ರೋಗಿಯ ಎದೆ ಇರುವಲ್ಲಿ ಮೊಬೈಲ್ ಟಾರ್ಚ್ ಹಿಡಿದಳು. ನಾನು ಎಂದಿನಂತೆ ಮಾನಿಟರ್ ಕಡೆ ಮುಖ ಮಾಡಿ ನಿಂತೆ. ಗಾಜಿನ ಅಡಿಯ ಸಂದಿನಿಂದ ಬೆಳಕು ನೇರ ಎಡಗಣ್ಣಿಗೆ ಬಿತ್ತು. ಎಕ್ಸ್‌ರೇ ಕಿರಣ ಚದುರಿ ಬರುವುದೂ ರೋಗಿಯ ಮೈಯಿಂದಲೇ ಅಲ್ವಾ? ನಾವು ನೋಡುವುದು ಮಾನಿಟರ್ ಕಡೆಗೆ, ಅದು ಬರುವುದು ಪಕ್ಕದಿಂದ, ಕೆಳಗಿನಿಂದ. ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹೊಸದರ ಕೆಳ ಅಂಚು ಕೆನ್ನೆಗೆ ತಾಗಿಕೊಂಡೇ ಕೂರುತ್ತದೆ. ಮತ್ತೆ ಟಾರ್ಚ್ ಹಿಡಿದು ನೋಡಿದೆವು, ಸಂದಿನಿಂದ ಬೆಳಕು ನುಸುಳಲಿಲ್ಲ.

ತೊಂದರೆಯೂ ಉಂಟು. ಭಾರ ಜಾಸ್ತಿ, ಎರಡು ಕೇಸ್ ಮುಗಿಯುವಾಗ ಮೂಗಿನ ಮೇಲೆ ಕೆಂಪು ಗುರುತು ಬೀಳುತ್ತದೆ. ಹಿಂದಿನಿಂದ ಪಟ್ಟಿ ಕಟ್ಟಿದರೆ ಜಾರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಮಾಸ್ಕ್ ಹಾಕಿದರೆ ಗಾಜಿಗೆ ಮಂಜು ಕೂರುತ್ತದೆ. ಮಾಸ್ಕಿನ ಮೇಲಂಚಿಗೆ ಟೇಪ್ ಅಂಟಿಸುತ್ತೇನೆ. ಸೀರೆಯ ಸೆರಗಿನಲ್ಲಿ ಒರೆಸಬೇಡಿ, ಈ ಗಾಜಿಗೆ ಬೇಗ ಗೀರು ಬೀಳುತ್ತದೆ.

ಇನ್ನೊಂದು ಮಾತು. ಕನ್ನಡಕ ಉಂಟು ಅಂತ ಸೀಲಿಂಗ್‌ನಿಂದ ಇಳಿಬಿಟ್ಟ ಸೀಸದ ಗಾಜನ್ನು ಬದಿಗೆ ತಳ್ಳಬೇಡಿ. ಎರಡೂ ಬೇಕು. ಸೀಸದ ಏಪ್ರನ್ ಒಳಗೆ ಹಾಕುವ, ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕಣ್ಣಿಗೆ ಎಷ್ಟು ಬಿತ್ತು ಅಂತ ಹೇಳುವುದಿಲ್ಲ. 2011ರಲ್ಲಿ ಐಸಿಆರ್‌ಪಿ (ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ) ನಮ್ಮಂಥ ಕೆಲಸದವರ ಕಣ್ಣಿನ ಮಸೂರಕ್ಕೆ ಬೀಳಬಹುದಾದ ವಿಕಿರಣದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ (ಡೋಸ್ ಅಳೆಯುವ ಮಾನ), 5 ವರ್ಷದ ಸರಾಸರಿ 20ಕ್ಕೆ ಇಳಿಸಲು ಹೇಳಿದ್ದು ಸುಮ್ನೆ ಅಲ್ಲ. ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಡೋಸ್‌ಗೇ ಪೊರೆ ಬರಬಹುದು ಅಂತ ಗೊತ್ತಾದ ಮೇಲೆ ಬಂದ ಮಾತು ಅದು.

ಆ ಹುಡುಗಿಗೆ ನನ್ನ ಅಳತೆ ಕೂರಲಿಲ್ಲ, ಅವಳ ಮುಖ ಸಣ್ಣದು. ಕಿರಿದಾದ ಫ್ರೇಮ್ ತರಿಸಿದೆವು. ಟಾರ್ಚ್ ಹಿಡಿದು ನೋಡಿದ ಮೇಲೆಯೇ ದುಡ್ಡು ಕೊಟ್ಟದ್ದು.