ಬೆಂಪ್ಟನ್ ಕ್ಲಿಫ್ಸ್: ಪಫಿನ್ ಅಂತ ಹೊರಟವರು ಗ್ಯಾನೆಟ್ ನೋಡಿ ಬರುವ ಜಾಗ

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯಲ್ಲಿ, ಫೈಲಿ ಪಟ್ಟಣಕ್ಕೂ ಫ್ಲಾಮ್‌ಬರೋ ಹೆಡ್‌ಗೂ ನಡುವೆ, ಸೀಮೆಸುಣ್ಣದ ಬಂಡೆಗೋಡೆಯೊಂದು ನೂರು ಮೀಟರ್ ಎತ್ತರದಿಂದ ನೇರ ಕಡಲಿಗೆ ಇಳಿಯುತ್ತದೆ. ಇದರ ಒಂದು ಪಾಲು ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ ನೋಡಿಕೊಳ್ಳುವ ಬೆಂಪ್ಟನ್ ಕ್ಲಿಫ್ಸ್ ಪಕ್ಷಿಧಾಮ. ಮಾರ್ಚ್‌ನಿಂದ ಅಕ್ಟೋಬರ್ ತನಕ ಸುಮಾರು 5 ಲಕ್ಷ ಕಡಲಹಕ್ಕಿಗಳು ಇಲ್ಲಿ ಬಂದುಹೋಗುತ್ತವೆ. ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಇರುವ ನಮ್ಮವರು ಏಪ್ರಿಲ್-ಮೇ ಬಂತೆಂದರೆ "ಪಫಿನ್ ನೋಡೋಕೆ ಎಲ್ಲಿ ಹೋಗೋದು?" ಅಂತ, ಬಣ್ಣದ ಕೊಕ್ಕಿನ ಆ ಪುಟ್ಟ ಕಡಲಹಕ್ಕಿಗಾಗಿ ಕೇಳುತ್ತಾರೆ. ಉತ್ತರ ಕೊಡುವವರಲ್ಲಿ ಹತ್ತಕ್ಕೆ ಎಂಟು ಜನ ಬೆಂಪ್ಟನ್ ಹೆಸರೇ ಹೇಳುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ. ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಯ ವಿಷಯದಲ್ಲಿ ಈ ಜಾಗಕ್ಕೆ ಪೂರ್ತಿ ಅಂಕ, ಕಿಟಿವೇಕ್, ಗಿಲ್ಲೆಮಾಟ್ ಎಂಬ ಇನ್ನೆರಡು ಕಡಲಹಕ್ಕಿಗಳಿಗೂ ಬಹುತೇಕ ಅಷ್ಟೇ. ಪಫಿನ್‌ಗೆ ಮಾತ್ರ ಅರ್ಧಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ.

ಕಾರಣ ನೆಲದಲ್ಲೇ ಇದೆ. ಬೇರೆ ಕಡೆಗಳಲ್ಲಿ ಪಫಿನ್ ಹುಲ್ಲುನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ಹಾಗಾಗಿ ಕಾಲ ಬುಡದಲ್ಲೇ ಓಡಾಡುತ್ತಿರುತ್ತದೆ. ಬೆಂಪ್ಟನ್‌ನಲ್ಲಿ ಅದು ಬಂಡೆಯ ಬಿರುಕುಗಳೊಳಗೆ ಗೂಡು ಮಾಡುತ್ತದೆ. ಬಿರುಕಿನ ಬಾಯಿಗೆ ಬಂದು ನಿಂತಾಗ ಮಾತ್ರ ಕಾಣುವುದು, ಅದೂ ಸಾವಿರಾರು ಗಿಲ್ಲೆಮಾಟ್‌ಗಳ ನಡುವೆ. ಫೋಟೋಗಳಲ್ಲಿ ಬಾತುಕೋಳಿಯಷ್ಟು ದೊಡ್ಡದಾಗಿ ಕಾಣುವ ಹಕ್ಕಿ ನಿಜಕ್ಕೆ ನಿಂತರೆ 20 ಸೆಂಟಿಮೀಟರ್ ಕೂಡ ಇರುವುದಿಲ್ಲ, ತೂಕ 400 ಗ್ರಾಂ ಆಸುಪಾಸು. ರಂಗನತಿಟ್ಟಿನಲ್ಲಿ ದೋಣಿಯಿಂದ ಕೈಗೆಟುಕುವಷ್ಟು ಹತ್ತಿರದಲ್ಲಿ ಕೊಕ್ಕರೆ ಗೂಡು ನೋಡಿ ಬೆಳೆದವರಿಗೆ ಇದು ನಿರಾಸೆ ತರುವುದು ಸಹಜ. ಹುಡುಕುವ ವಿಧಾನ ಹೀಗೆ: ಗೋಡೆಯ ಮೇಲಿನ ಮೂರನೇ ಒಂದು ಭಾಗದಲ್ಲಿ, ಬಂಡೆಗೆ ಹುಲ್ಲು ತಾಗುವ ಅಂಚಿನ ಬಿರುಕುಗಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಜಾಲಾಡಿ. ಕಿತ್ತಳೆ ಬಣ್ಣದ ಕಾಲು ಕೊಕ್ಕಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಮಾರ್ಚ್ ಕೊನೆಗೆ ಬರಲು ಶುರುಮಾಡುವ ಇವು ಜುಲೈ ಕಳೆಯುವುದರೊಳಗೆ ಕಡಲಿಗೆ ಹೊರಟುಹೋಗುತ್ತವೆ. ಆಗಸ್ಟ್‌ನಲ್ಲಿ ಮಕ್ಕಳ ರಜೆ ಅಂತ ಬಂದರೆ ಪಫಿನ್ ಸಿಗುವುದು ಅಂಗಡಿಯ ಗೊಂಬೆಗಳಲ್ಲಿ ಮಾತ್ರ.

ಗ್ಯಾನೆಟ್ ಕಥೆಯೇ ಬೇರೆ. ಬ್ರಿಟನ್ನಿನ ಗ್ಯಾನೆಟ್ ನೆಲೆಗಳು ಹೆಚ್ಚಿನವು ನಡುಗಡ್ಡೆಗಳ ಮೇಲಿವೆ. ಇಂಗ್ಲೆಂಡಿನ ಮುಖ್ಯಭೂಮಿಯಲ್ಲಿ ಇರುವುದು ಇದೊಂದೇ. 1960ರ ದಶಕದವರೆಗೂ ಇಲ್ಲಿ ಕೆಲವೇ ಜೋಡಿಗಳಿದ್ದವು, 2017ರ ಎಣಿಕೆಯಲ್ಲಿ 13 ಸಾವಿರ ಜೋಡಿ ದಾಟಿತ್ತು. ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ 1.8 ಮೀಟರ್ ಅಗಲದ ಹಕ್ಕಿ, ಗಾಳಿ ಎದುರು ಬೀಸುತ್ತಿದ್ದರೆ ನಿಮ್ಮ ಕಣ್ಣಿನ ಮಟ್ಟದಲ್ಲೇ ತೇಲಿಕೊಂಡು ನಿಲ್ಲುತ್ತದೆ. ಕೆಲವು ಬೇಲಿಯ ಆಚೆ ಬದಿಗೇ ಇಳಿದು ಗೂಡಿಗೆ ಹುಲ್ಲು ಕಿತ್ತುಕೊಂಡು ಹೋಗುತ್ತವೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಬಿರುಗಾಳಿಗೆ ಸಿಕ್ಕಿ ಆಗೊಮ್ಮೆ ಈಗೊಮ್ಮೆ ದಡ ಸೇರುವ ಮಾಸ್ಕ್ಡ್ ಬೂಬಿ ಇದರ ದಾಯಾದಿ. ಅದೇ ಚೂಪು ಕೊಕ್ಕು, ಅದೇ ಉದ್ದ ರೆಕ್ಕೆ.

ಗ್ಯಾನೆಟ್‌ಗೆ ಸ್ಟೇಪಲ್ ನ್ಯೂಕ್ ಎಂಬ ವೀಕ್ಷಣಾ ಕಟ್ಟೆಗೇ ಹೋಗಬೇಕು. ಸ್ವಾಗತ ಕೇಂದ್ರದಿಂದ ಕಡಲಿನತ್ತ ನಡೆದು ಬಲಕ್ಕೆ, ಬಂಡೆಯಂಚಿನ ದಾರಿಯಲ್ಲಿ ಒಂದು ಕಿಲೋಮೀಟರಿನಷ್ಟು ದೂರ. ಮಳೆ ಬಂದಿದ್ದರೆ ಈ ದಾರಿ ಕೆಸರು. ಜೇಡಿಮಣ್ಣು ಬೂಟಿಗೆ ಅಂಟಿ ಜಾರಿಸುತ್ತದೆ, ಮಕ್ಕಳ ತಳ್ಳುಗಾಡಿ ಆ ಕಡೆ ಒಯ್ಯುವ ಸಾಹಸ ಬೇಡ. ಅಲ್ಲಿ ಕಡಲಿಗೆ ಚಾಚಿದ ಬಂಡೆಗೆ ಕೆಳಗೆ ಕಮಾನು ಕೊರೆದಿದೆ, ಮೇಲ್ಭಾಗ ಪೂರ್ತಿ ಗ್ಯಾನೆಟ್. ಒಂದು ಜೋಡಿಯನ್ನು ಆರಿಸಿಕೊಂಡು ಹದಿನೈದು ನಿಮಿಷ ಅದನ್ನೇ ನೋಡಿ. ಹಾರಿಬಂದದ್ದು ಇಳಿದ ಕೂಡಲೇ ಸಂಗಾತಿಯ ಕುತ್ತಿಗೆ ಕಚ್ಚುತ್ತದೆ, ಆಮೇಲೆ ಎರಡೂ ಎದೆಗೆ ಎದೆ ಕೊಟ್ಟು ನಿಂತು ಕೊಕ್ಕಿಗೆ ಕೊಕ್ಕು ತಾಕಿಸುತ್ತವೆ. ಹೊರಡುವ ಹಕ್ಕಿ ಮೊದಲು ಕೊಕ್ಕನ್ನು ನೆಟ್ಟಗೆ ಆಕಾಶಕ್ಕೆತ್ತಿ ಕಾಲು ಬದಲಿಸುತ್ತದೆ. ನಾನು ಹೊರಟೆ, ನೀನು ಗೂಡು ಬಿಡಬೇಡ ಎಂಬ ಸೂಚನೆ ಅದು. ಕ್ಯಾಮೆರಾದವರಿಗೆ ಇದರಿಂದ ಒಂದು ಲಾಭ: ಕೊಕ್ಕು ಮೇಲೆತ್ತಿದ ಹಕ್ಕಿಯ ಮೇಲೆ ಫೋಕಸ್ ಇಟ್ಟುಕೊಂಡರೆ ಹಾರುವ ಕ್ಷಣ ತಪ್ಪುವುದಿಲ್ಲ. ಗ್ಯಾನೆಟ್‌ಗೆ ಹೊಟ್ಟೆಯ ಅಡಿಯಲ್ಲಿ ಕಾವು ಕೊಡುವ ಬರಿಚರ್ಮದ ತೇಪೆ ಇಲ್ಲ, ಜಾಲಪಾದಗಳನ್ನು ಮೊಟ್ಟೆಯ ಮೇಲೆ ಹೊದಿಸಿ ಸುಮಾರು 44 ದಿನ ಕಾವು ಕೊಡುತ್ತದೆ. ಹಕ್ಕಿ ಎದ್ದು ಕೂರುವಾಗ ಟೆಲಿಸ್ಕೋಪಿನಲ್ಲಿ ಈ ಪಾದ ಇಡುವ ಕೆಲಸ ಸ್ಪಷ್ಟವಾಗಿ ಕಾಣುತ್ತದೆ, ಬೆರಳಿನ ಉದ್ದಕ್ಕೂ ಇರುವ ಹಸಿರು ಗೆರೆ ಸಮೇತ. ಕಣ್ಣಾಲಿ ತಿಳಿನೀಲಿ ಇರಬೇಕು. 2022ರಲ್ಲಿ ಹಕ್ಕಿಜ್ವರ ಹರಡಿದ ಮೇಲೆ, ರೋಗ ಬಂದು ಬದುಕುಳಿದ ಕೆಲವು ಗ್ಯಾನೆಟ್‌ಗಳ ಕಣ್ಣಾಲಿ ಕಪ್ಪಾಗಿರುವುದು ಸ್ಕಾಟ್ಲೆಂಡಿನ ಬಾಸ್ ರಾಕ್‌ನಲ್ಲಿ ದಾಖಲಾಗಿದೆ. ಗೂಡುಗಳಲ್ಲಿ ಹುಲ್ಲಿನ ಜೊತೆ ನೀಲಿ, ಕಿತ್ತಳೆ ಬಣ್ಣದ ನೈಲಾನ್ ಬಲೆಯ ಎಳೆಗಳೂ ಹೆಣೆದಿರುತ್ತವೆ. ಮರಿಗಳು ಅದರಲ್ಲಿ ಕಾಲು ಸಿಕ್ಕಿಸಿಕೊಳ್ಳುವುದುಂಟು.

ಸ್ವಾಗತ ಕೇಂದ್ರಕ್ಕೆ ಹತ್ತಿರವಿರುವ ಗ್ರ್ಯಾಂಡ್‌ಸ್ಟ್ಯಾಂಡ್ ಮತ್ತು ಬಾರ್ಟ್‌ಲೆಟ್ ನ್ಯಾಬ್ ಕಟ್ಟೆಗಳಿಗೆ ದಾರಿ ಚೆನ್ನಾಗಿದೆ, ಗಾಲಿಕುರ್ಚಿಯೂ ಹೋಗುತ್ತದೆ. ಗಿಲ್ಲೆಮಾಟ್, ರೇಜರ್‌ಬಿಲ್, ಕಿಟಿವೇಕ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಕಲಿಯಲು ಇವೇ ಸರಿ. ಮೊದಲೆರಡನ್ನು ಗುರುತಿಸಲು ಹೊಸಬರು ಕೊಕ್ಕು ನೋಡುತ್ತಾರೆ, ದೂರದಿಂದ ಅದು ಕಾಣುವುದಿಲ್ಲ. ಬೆನ್ನು ನೋಡಿ. ಇಲ್ಲಿಯ ಗಿಲ್ಲೆಮಾಟ್ ಗಾಢ ಕಂದು, ರೇಜರ್‌ಬಿಲ್ ಅಪ್ಪಟ ಕಪ್ಪು. ಗಿಲ್ಲೆಮಾಟ್ ಬಂಡೆಯ ಚಾಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತಿರುತ್ತದೆ, ರೇಜರ್‌ಬಿಲ್ ಒಂದೋ ಎರಡೋ ಸಂದಿಯಲ್ಲಿ ಸೇರಿಕೊಂಡಿರುತ್ತದೆ. ಗಿಲ್ಲೆಮಾಟ್ ಗೂಡೇ ಕಟ್ಟುವುದಿಲ್ಲ, ಬರಿ ಕಲ್ಲಿನ ಮೇಲೆ ಒಂದೇ ಮೊಟ್ಟೆ. ಒಂದು ತುದಿ ಚೂಪಾದ ಆ ಮೊಟ್ಟೆ ಉರುಳಿದರೂ ಸುತ್ತಿಕೊಂಡು ಅಲ್ಲೇ ನಿಲ್ಲುತ್ತದೆ ಅನ್ನುವುದು ಹಳೆಯ ವಿವರಣೆ. ಇಳಿಜಾರಿನಲ್ಲಿ ಉರುಳಲು ಶುರುವೇ ಆಗದಂತೆ ಆ ಆಕಾರ ಹಿಡಿದಿಡುತ್ತದೆ ಎಂಬುದು ಈಚಿನ ಅಧ್ಯಯನಗಳ ಮಾತು. ಸಾಲಿನಲ್ಲಿ ಕಣ್ಣಿಗೆ ಕನ್ನಡಕ ಹಾಕಿದಂತೆ ಬಿಳಿ ಉಂಗುರ, ಅದರಿಂದ ಹಿಂದಕ್ಕೆ ಬಿಳಿ ಗೆರೆ ಇರುವ ಹಕ್ಕಿ ಸಿಕ್ಕರೆ ಅದು ಬೇರೆ ಜಾತಿ ಅಂತ ಬರೆದುಕೊಳ್ಳಬೇಡಿ. ಅದೂ ಗಿಲ್ಲೆಮಾಟೇ, ಉತ್ತರಕ್ಕೆ ಹೋದಷ್ಟೂ ಈ ಬಗೆ ಹೆಚ್ಚುತ್ತದೆ.

ಕಿಟಿವೇಕ್ ತನ್ನ ಹೆಸರನ್ನೇ ಕೂಗುವ ಕಡಲಕ್ಕಿ (ಗಲ್). ರೆಕ್ಕೆಯ ತುದಿ ಪೂರ್ತಿ ಕಪ್ಪು, ಬೇರೆ ಗಲ್‌ಗಳಿಗಿರುವ ಬಿಳಿ ಚುಕ್ಕೆ ಅದರಲ್ಲಿಲ್ಲ. ಕಾಲೂ ಕಪ್ಪು. ಫ್ಲಾಮ್‌ಬರೋದಿಂದ ಫೈಲಿವರೆಗಿನ ಈ ಕರಾವಳಿ ಬ್ರಿಟನ್ ಮುಖ್ಯಭೂಮಿಯ ಅತಿ ದೊಡ್ಡ ಕಿಟಿವೇಕ್ ನೆಲೆ, ಹತ್ತಾರು ಸಾವಿರ ಜೋಡಿ. ಆದರೂ ದೇಶದ ಒಟ್ಟು ಸಂಖ್ಯೆ ಇಳಿಯುತ್ತಾ ಬಂದು ಈ ಹಕ್ಕಿ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿ ಸೇರಿದೆ. ಅವುಗಳ ಮುಖ್ಯ ಆಹಾರ ಸ್ಯಾಂಡ್ ಈಲ್ ಎಂಬ ಸಣ್ಣ ಮೀನು. ಮೀನು ಕೈಕೊಟ್ಟ ವರ್ಷ ಮರಿಗಳೂ ಕಡಿಮೆ. ರೆಕ್ಕೆಯನ್ನು ಹಲಗೆಯಂತೆ ಬಿಗಿಯಾಗಿಟ್ಟು, ಬಡಿಯದೆ ಅಂಚಿನುದ್ದಕ್ಕೂ ಜಾರಿಹೋಗುವುದು ಫುಲ್ಮರ್, ಅದು ಗಲ್ ಅಲ್ಲ, ಅಲ್ಬಟ್ರಾಸ್ ಬಳಗದ್ದು. ಅಲ್ಬಟ್ರಾಸ್ ಅಂದಾಗ: ದಕ್ಷಿಣ ಗೋಳಾರ್ಧದ ಬ್ಲ್ಯಾಕ್-ಬ್ರೌಡ್ ಅಲ್ಬಟ್ರಾಸ್ ಒಂದು ದಾರಿ ತಪ್ಪಿ ಬಂದು 2021, 2022ರಲ್ಲಿ ಇದೇ ಗೋಡೆಯಲ್ಲಿ ಗ್ಯಾನೆಟ್‌ಗಳ ನಡುವೆ ಉಳಿದಿತ್ತು, 2023ರಲ್ಲೂ ಕಾಣಿಸಿತು. ಈಗಲೂ ಕೆಲವರು ಅದಕ್ಕಾಗಿಯೇ ಬಂದು ಕೇಳುತ್ತಾರೆ. ಆ ಆಸೆಯಿಂದ ಪ್ರಯಾಣ ಹೂಡಬೇಡಿ.

ಬೆಳಕಿನ ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಗೋಡೆಯ ಮುಖ ಉತ್ತರ-ಈಶಾನ್ಯಕ್ಕಿದೆ. ಮೇ-ಜೂನ್‌ನಲ್ಲಿ ಸೂರ್ಯ ಈಶಾನ್ಯದಲ್ಲಿ ಹುಟ್ಟುವುದರಿಂದ ಬೆಳಿಗ್ಗೆ 10ರ ಒಳಗೆ ಗೋಡೆಗೆ ನೇರ ಬಿಸಿಲು, ಆಮೇಲೆ ಇಡೀ ಮಧ್ಯಾಹ್ನ ನೆರಳು, ಸಂಜೆ ತಡವಾಗಿ ವಾಯವ್ಯದಿಂದ ಮತ್ತೆ ಸ್ವಲ್ಪ ಓರೆ ಬಿಸಿಲು. ನೆರಳಿನ ಬಂಡೆಯ ಮುಂದೆ ಹಾರುವ ಬಿಳಿ ಗ್ಯಾನೆಟನ್ನು ಕ್ಯಾಮೆರಾಗೇ ಬಿಟ್ಟರೆ ಹಕ್ಕಿ ಸುಣ್ಣದ ಮುದ್ದೆಯಾಗಿ ಬರುತ್ತದೆ. ಎಕ್ಸ್‌ಪೋಷರನ್ನು 0.7ರಿಂದ 1 ಸ್ಟಾಪ್ ಇಳಿಸಿ. ಬಿಳಿಮೋಡದ ಆಕಾಶದ ಮುಂದಾದರೆ ಅಷ್ಟೇ ಏರಿಸಿ. ಗ್ಯಾನೆಟ್‌ಗೆ 1/2000 ಸೆಕೆಂಡ್ ಸಾಕು, ರೆಕ್ಕೆ ಪಟಪಟನೆ ಬಡಿಯುವ ಪಫಿನ್‌ಗೆ 1/3200 ಬೇಕು. ಸ್ಟೇಪಲ್ ನ್ಯೂಕ್‌ನಲ್ಲಿ 200 ಎಂಎಂ ಲೆನ್ಸ್‌ಗೂ ಚಿತ್ರ ತುಂಬುತ್ತದೆ, ಪಫಿನ್‌ಗೆ 400 ಕೂಡ ಸಾಲದು.

ಬೈನಾಕ್ಯುಲರ್ 8x42 ತನ್ನಿ. ದೂರದ ಹಕ್ಕಿ ಅಂತ 12x ತಂದವರು ಗಾಳಿಯಲ್ಲಿ ಕೈ ನಡುಗಿ ಏನೂ ಕಾಣದೆ ಒದ್ದಾಡುತ್ತಾರೆ. ಟೆಲಿಸ್ಕೋಪ್ ಇದ್ದರೆ ಟ್ರೈಪಾಡ್ ಕಾಲು ಪೂರ್ತಿ ಎತ್ತರಿಸದೆ ಬೇಲಿಯ ಮಟ್ಟಕ್ಕಿಳಿಸಿ, 30xನಲ್ಲಿ ನೋಡಿ. ಬಟ್ಟೆಯಲ್ಲಿ ಎಲ್ಲರೂ ಎಡವುತ್ತಾರೆ. ಲೀಡ್ಸ್‌ನಲ್ಲಿ 18 ಡಿಗ್ರಿ ಬಿಸಿಲಿದ್ದರೂ ಉತ್ತರ ಸಮುದ್ರದ ಗಾಳಿಗೆ ಇಲ್ಲಿ ಟೊಪ್ಪಿ, ಗಾಳಿ ತಡೆಯುವ ಜಾಕೆಟ್ಟು, ಮೇನಲ್ಲೂ ತೆಳು ಕೈಗವಸು ಬೇಕು. ವಾಸನೆಗೂ ಸಿದ್ಧರಾಗಿ: ಮಲ್ಪೆ ಬಂದರಿನಲ್ಲಿ ಒಣಮೀನು ಹರವಿದ ಜಾಗದ ಜೊತೆಗೆ ಅಮೋನಿಯಾ ಬೆರೆತ ಹಾಗೆ. ಅರ್ಧ ಗಂಟೆಯಲ್ಲಿ ಮೂಗು ಒಗ್ಗುತ್ತದೆ, ಜಾಕೆಟ್ಟಿಗೆ ಮಾತ್ರ ಮನೆಗೆ ಹೋದಮೇಲೆ ಒಂದು ಒಗೆತ ಬೇಕೇ ಬೇಕು.

ವ್ಯವಸ್ಥೆ ಒಟ್ಟಿನಲ್ಲಿ ಅಚ್ಚುಕಟ್ಟು. ಆರ್‌ಎಸ್‌ಪಿಬಿ ಸದಸ್ಯರಿಗೆ ಉಚಿತ, ಉಳಿದವರಿಗೆ ಟಿಕೆಟ್. ಅಂಗಡಿ, ತಿಂಡಿ-ಕಾಫಿ, ಶೌಚಾಲಯ ಎಲ್ಲ ಸ್ವಾಗತ ಕೇಂದ್ರದಲ್ಲೇ, ಕಟ್ಟೆಗಳ ಬಳಿ ಏನೂ ಇಲ್ಲ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಕಟ್ಟೆಗಳಲ್ಲಿ ಸ್ವಯಂಸೇವಕರು ನಿಂತಿರುತ್ತಾರೆ. "ಇವತ್ತು ಪಫಿನ್ ಎಲ್ಲಿ ಕೂತಿದೆ?" ಅಂತ ಮೊದಲೇ ಕೇಳಿದರೆ ಒಂದು ಗಂಟೆ ಉಳಿಯುತ್ತದೆ. ಮೇ-ಜೂನ್ ಶನಿವಾರ-ಭಾನುವಾರ ಪಾರ್ಕಿಂಗ್ ಬೇಗ ತುಂಬುತ್ತದೆ, ವಾರದ ದಿನ ಬಂದರೆ ಕಟ್ಟೆಯ ಮುಂಗಂಬಿ ಹಿಡಿದು ನಿಲ್ಲಲು ಜಾಗ ಸಿಗುತ್ತದೆ. ರೈಲಿನಲ್ಲಾದರೆ ಹಲ್-ಸ್ಕಾರ್‌ಬರೋ ಮಾರ್ಗದ ಬೆಂಪ್ಟನ್ ನಿಲ್ದಾಣದಲ್ಲಿಳಿದು ಹಳ್ಳಿ ದಾಟಿ ಕ್ಲಿಫ್ ಲೇನ್ ಹಿಡಿದು 2 ಕಿಲೋಮೀಟರ್ ನಡಿಗೆ. ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ, ಒಂದು ತಪ್ಪಿದರೆ ನಿಲ್ದಾಣದಲ್ಲಿ ಕಾಯಲು ಬೆಂಚು ಬಿಟ್ಟರೆ ಹೆಚ್ಚೇನಿಲ್ಲ.

ಕಡಲ ಕಡೆಗೇ ಓಡುವ ಅವಸರದಲ್ಲಿ ಜನ ಕೇಂದ್ರದ ಪಕ್ಕದ ಕಾಳುಗೂಡುಗಳನ್ನು ಗಮನಿಸುವುದಿಲ್ಲ. ಅಲ್ಲಿರುವುದು ಟ್ರೀ ಸ್ಪ್ಯಾರೋ. ಕಂದು ನೆತ್ತಿ, ಬಿಳಿ ಕೆನ್ನೆಯ ಮೇಲೆ ಒಂದು ಕಪ್ಪು ಮಚ್ಚೆ. ಬ್ರಿಟನ್ನಿನಲ್ಲಿ ಈ ಗುಬ್ಬಿ ತೀರಾ ಅಪರೂಪವಾಗಿದೆ, ಇಲ್ಲಿ ಗುಂಪಾಗಿ ಸಿಗುತ್ತದೆ. ಹಿಂದಿನ ಹುಲ್ಲುಗಾವಲಿನಲ್ಲಿ ಏಪ್ರಿಲ್‌ನಿಂದ ಬಾನಾಡಿ, ಲಿನೆಟ್, ವೈಟ್‌ಥ್ರೋಟ್, ಸಂಜೆಗೆ ಅದೃಷ್ಟವಿದ್ದರೆ ಕಣಜಗೂಬೆ.

ಈ ಗೋಡೆಗೆ ಕಾನೂನಿನ ಚರಿತ್ರೆಯೂ ಇದೆ. 19ನೇ ಶತಮಾನದಲ್ಲಿ ದೋಣಿಗಳಲ್ಲಿ ಬಂದು ಮೋಜಿಗೆ ಹಕ್ಕಿ ಹೊಡೆಯುತ್ತಿದ್ದುದರ ವಿರುದ್ಧ ಇಲ್ಲಿಯವರೇ ದನಿಯೆತ್ತಿದ್ದರಿಂದ 1869ರ ಕಡಲಹಕ್ಕಿ ರಕ್ಷಣಾ ಕಾಯ್ದೆ ಬಂತು. ಆದರೆ ಅದು ಮೊಟ್ಟೆಗೆ ಅನ್ವಯಿಸಲಿಲ್ಲ. ಹಗ್ಗ ಕಟ್ಟಿಕೊಂಡು ಇಳಿದು ಗಿಲ್ಲೆಮಾಟ್ ಮೊಟ್ಟೆ ತೆಗೆಯುವ ಕಸುಬು 1954ರ ಕಾಯ್ದೆ ಬರುವವರೆಗೂ ನಡೆಯಿತು.

ಪಫಿನ್ ಹತ್ತಿರದಿಂದಲೇ ಬೇಕು ಅನ್ನುವವರಿಗೆ ಎರಡು ದಾರಿ. ಒಂದು, ಬ್ರಿಡ್ಲಿಂಗ್ಟನ್ ಬಂದರಿನಿಂದ ಯಾರ್ಕ್‌ಷೈರ್ ಬೆಲ್ ಹಡಗಿನಲ್ಲಿ ಗೋಡೆಯ ಬುಡಕ್ಕೆ ಹೋಗುವುದು. ನೀರಿನ ಮೇಲೆ ತೇಲುವ ಪಫಿನ್‌ಗಳು ಮೇಲಿನಿಂದ ನೋಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಕಾಣುತ್ತವೆ. ಉತ್ತರದ ಗಾಳಿಯಿದ್ದರೆ ಹಡಗು ಹೊಯ್ದಾಡುತ್ತದೆ, ವಾಂತಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ. ಇನ್ನೊಂದು, ನಾರ್ಥಂಬರ್‌ಲ್ಯಾಂಡ್‌ನ ಸೀಹೌಸಸ್‌ನಿಂದ ಫಾರ್ನ್ ದ್ವೀಪಗಳಿಗೆ ದೋಣಿ. ಹಕ್ಕಿಜ್ವರದಿಂದ 2022ರಲ್ಲಿ ನಿಂತಿದ್ದ ಇನ್ನರ್ ಫಾರ್ನ್ ಪ್ರವೇಶ 2024ರ ವಸಂತದಲ್ಲಿ ಮತ್ತೆ ಶುರುವಾಯಿತು. ಅಲ್ಲಿ ಬಿಲದ ಪಫಿನ್ ದಾರಿಯ ಪಕ್ಕದಲ್ಲೇ ಸಿಗುತ್ತದೆ, ಜೊತೆಗೆ ಆರ್ಕ್‌ಟಿಕ್ ಟರ್ನ್‌ಗಳು ನೆತ್ತಿಗೆ ಕುಕ್ಕುತ್ತವೆ, ದಪ್ಪ ಟೊಪ್ಪಿ ಕಡ್ಡಾಯ.

ವಸಂತದಲ್ಲಿ ಪ್ರಯಾಣ ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಕಡಲ ಮಂಜು. ಬೆಚ್ಚಗಿನ ಗಾಳಿ ತಣ್ಣನೆಯ ನೀರಿನ ಮೇಲೆ ಹಾದು ಮೂಡಣ ಗಾಳಿಯ ಜೊತೆ ದಡಕ್ಕೆ ನುಗ್ಗಿದರೆ ಕಟ್ಟೆಯಿಂದ ಹಕ್ಕಿಗಳ ಗಲಾಟೆ ಕೇಳುತ್ತದೆ, ಒಂದೂ ಕಾಣುವುದಿಲ್ಲ. ಹಿಂದಿನ ರಾತ್ರಿ ಮುನ್ಸೂಚನೆಯಲ್ಲಿ ಪೂರ್ವದ ಮೆಲುಗಾಳಿ ಮತ್ತು ಒಳನಾಡಿನಲ್ಲಿ ಬಿಸಿಲು ಎರಡೂ ಇದ್ದರೆ ಅನುಮಾನಿಸಿ. ಅಲ್ಲಿಗೆ ತಲುಪಿದ ಮೇಲೆ ಕವಿದುಕೊಂಡರೆ ಕಾಯುತ್ತಾ ಕೂರಬೇಡಿ, ಡ್ರಿಫೀಲ್ಡ್ ಪಟ್ಟಣದ ಆಚೆಯ ಟಾಪ್‌ಹಿಲ್ ಲೋ ಪಕ್ಷಿಧಾಮದ ಕಡೆಗೆ ಗಾಡಿ ತಿರುಗಿಸಿ. ಕಡಲಿನಿಂದ ಒಳಗಿರುವುದರಿಂದ ಅಲ್ಲಿ ಬಹುತೇಕ ತಿಳಿಯಾಗಿರುತ್ತದೆ. ಯಾರ್ಕ್‌ಷೈರ್ ವಾಟರ್ ಎಂಬ ನೀರು ಸರಬರಾಜು ಕಂಪನಿಯ ಆ ಜಲಾಶಯದ ಬದಿಯ ಮರೆಗಳಿಂದ ಗ್ರೇಟ್ ಕ್ರೆಸ್ಟೆಡ್ ಗ್ರೀಬ್, ಮಾರ್ಷ್ ಹ್ಯಾರಿಯರ್, ಮಿಂಚುಳ್ಳಿ ನೋಡಿ ದಿನ ಉಳಿಸಿಕೊಳ್ಳಬಹುದು. ಮಂಜು ಮಧ್ಯಾಹ್ನಕ್ಕೆ ಕರಗಿದರೆ ಸಂಜೆಯ ಓರೆ ಬಿಸಿಲಿಗೆ ಸ್ಟೇಪಲ್ ನ್ಯೂಕ್‌ಗೆ ವಾಪಸ್ ಬರಲೂ ಸಮಯವಿರುತ್ತದೆ.