ಚೌಕದ ವಿಸ್ತೀರ್ಣ: ಸೂತ್ರವೋ, ಕಾಗದದ ತುಂಡೋ, ಗ್ರಾಫ್ ಹಾಳೆಯೋ?

ಮಗಳಿಗೆ ಚೌಕದ ವಿಸ್ತೀರ್ಣ ಹೇಳಿಕೊಡಲು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ನಾನು ಕಲಿತಿದ್ದ ಒಂದೇ ದಾರಿ: ಬಾಹು ಗುಣಿಸು ಬಾಹು. ಐದು ನಿಮಿಷದ ಕೆಲಸ. 4 ಸೆಂಟಿಮೀಟರಿನ ಚೌಕ ಕೊಟ್ಟೆ, 16 ಅಂದಳು. ಬೀಗಿದೆ. ಮಾರನೆಯ ದಿನ 5 ಸೆಂಟಿಮೀಟರಿನದು ಕೊಟ್ಟರೆ 20 ಎಂದು ಬರೆದಳು. ನಾಲ್ಕೂ ಬಾಹು ಕೂಡಿಸಿದ್ದಳು! ತಪ್ಪು ಅವಳದಲ್ಲ, ನಾನು ಆರಿಸಿದ ಲೆಕ್ಕದ್ದು. 4ರ ಚೌಕಕ್ಕೆ ಸುತ್ತಳತೆಯ ಅಂಕಿಯೂ 16, ವಿಸ್ತೀರ್ಣದ ಅಂಕಿಯೂ 16. ಮೊದಲ ದಿನವೂ ಕೂಡಿಸಿಯೇ ಇದ್ದಿರಬೇಕು. (2ರ ಚೌಕವೂ ಅಂಥದೇ ಮೋಸಗಾರ: 2 ಗುಣಿಸಿದರೂ 4, 2 ಕೂಡಿಸಿದರೂ 4.) ಕಲಿಸುವವರು 3ರಿಂದಲೋ 5ರಿಂದಲೋ ಶುರು ಮಾಡಿ.

ಎರಡನೆಯದು, 1 ಸೆಂಟಿಮೀಟರಿನ ಕಾಗದದ ತುಂಡುಗಳನ್ನು ಅಂಟಿಸಿ ಚೌಕ ತುಂಬಿಸುವುದು. 6ರ ಚೌಕಕ್ಕೆ 36 ತುಂಡು ಬೇಕು. ಕತ್ತರಿಸುವುದರಲ್ಲೇ ಸಂಜೆ ಕಳೆಯಿತು, ತುಂಡುಗಳು ಸೊಟ್ಟಗಾಗಿ 34ಕ್ಕೇ ಜಾಗ ಮುಗಿಯಿತು. ಆದರೂ ಒಂದು ಲಾಭವಾಯಿತು. ಅಂಚಿನ ಗೆರೆ ಬೇರೆ, ಒಳಗಿನ ಜಾಗ ಬೇರೆ ಎಂಬುದು ಬೆರಳಿಗೆ ಅಂಟು ಮೆತ್ತಿಕೊಂಡಾಗ ತಾನಾಗಿಯೇ ತಿಳಿಯಿತು. ಆಮೇಲೆ ಅವಳು ಸುತ್ತಳತೆಯ ಜೊತೆ ಗೊಂದಲ ಮಾಡಿಕೊಳ್ಳಲಿಲ್ಲ.

ನನ್ನ ಓಟು ಮಾತ್ರ ಗ್ರಾಫ್ ಹಾಳೆಗೆ. 7ರ ಚೌಕ ಬರೆದು ಒಂದೊಂದೇ ಮನೆಗೆ ಚುಕ್ಕೆ ಇಡುತ್ತಾ ಎಣಿಸಿದಳು: ಒಮ್ಮೆ 48, ಇನ್ನೊಮ್ಮೆ 50. ಮೂರನೆಯ ಸಲ ಬೇಸರ ಬಂದು, ಒಂದು ಸಾಲಿಗೆ 7 ಎಂದುಕೊಂಡು 7, 14, 21 ಎಂದು ಮಗ್ಗಿ ಹೇಳಿಕೊಂಡೇ ಕೆಳಗಿಳಿದಳು. 49. ಸೂತ್ರದ ಮಾತನ್ನು ನಾನು ಎತ್ತಿರಲೇ ಇಲ್ಲ. ದಶಮಾಂಶದ ಗುಣಾಕಾರ ಇನ್ನೂ ಬಾರದಿದ್ದರೂ 2.5ರ ಚೌಕವನ್ನೂ ಬಿಡಿಸಿದಳು: ಪೂರ್ತಿ ಮನೆ 4, ಅರ್ಧ ಮನೆ 4, ಮೂಲೆಯಲ್ಲಿ ಕಾಲು ಮನೆ 1. ಒಟ್ಟು ಆರೂಕಾಲು.

ವಾಲಿಕೊಂಡ ಚೌಕದಲ್ಲಿ ನಾನೇ ಬೆರಗಾದೆ. ಒಂದು ಮೂಲೆಯಿಂದ 2 ಮನೆ ಬಲಕ್ಕೆ, 1 ಮನೆ ಮೇಲಕ್ಕೆ ಹೋಗುವ ಗೆರೆಯೇ ಬಾಹು. ಸ್ಕೇಲಿನಲ್ಲಿ ಅಳೆದರೆ 2.2 ಚಿಲ್ಲರೆ. 2.2 ಅನ್ನೇ ಗುಣಿಸಿದರೆ 4.84. ಹಾಳೆಯ ಮೇಲೆ ಅದರ ಸುತ್ತ 3ರ ಚೌಕ ಕಟ್ಟಿದರೆ 9 ಮನೆ. ನಾಲ್ಕು ಮೂಲೆಯ ತ್ರಿಕೋನಗಳು ತಲಾ 1 ಮನೆಯಷ್ಟು. ಕಳೆದರೆ ಸರಿಯಾಗಿ 5!

ಹಾಳೆ ಕೈಕೊಟ್ಟದ್ದು ದೊಡ್ಡ ಅಳತೆಗೆ. 1 ಮೀಟರಿನ ಚೌಕದಲ್ಲಿ ಎಷ್ಟು ಚದರ ಸೆಂಟಿಮೀಟರ್ ಎಂದು ಕೇಳಿದೆ. 100 ಅಂದಳು.

"ಅದು ಒಂದು ಸಾಲಿನದಾಯಿತು. ಸಾಲು ಎಷ್ಟು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ಸಿಲ್ ಕೆಳಗಿಟ್ಟಳು. "10,000 ಮನೆ! ನಾನಂತೂ ಎಣಿಸಲ್ಲಪ್ಪ."